ಆಚೆ ದಂಡೆಯ ಓ

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಕೆಮ್ಮದೆ ಒಂದು ಹಾಡು ಮುಗಿಸಿದವರು ಜಗತ್ತಿನ ಯಾವ ಮೂಲೆಯಲ್ಲಾದರೂ ಹಾಡಬಲ್ಲರು ಎಂಬುದು ನಮ್ಮ ಅಕ್ಕೋರ ಗಟ್ಟಿ ನಂಬಿಕೆ. ನಂಬಿ ಸುಮ್ಮನೆ ಕೂತವರಲ್ಲ ಅವರು. ನಮ್ಮನ್ನೆಲ್ಲ ವಿಮಾನ ಹತ್ತಿಸಿ, ಸಮುದ್ರ ದಾಟಿಸಿ, ಅದನ್ನು ಪರೀಕ್ಷೆ ಮಾಡಿಯೇ ಬಿಟ್ಟರು.

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು. ಇವರು ಹಾವೇರಿಯ ಹೈಸ್ಕೂಲೊಂದರಲ್ಲಿ ಕಲಿಸಿದ್ದು ಸಂಗೀತವಲ್ಲ, ಡ್ರಿಲ್. ಇಳಕಲ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ತಾಳಿಯ ಜೊತೆಗೊಂದು ಸೀಟಿ. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಹೊಗಳಿ ಕಳಿಸಿಕೊಟ್ಟರು. ಸೀಟಿ ವಾಪಸ್ಸು ಕೇಳುವ ಧೈರ್ಯ ಮಾತ್ರ ಯಾರಿಗೂ ಆಗಲಿಲ್ಲ. ಬಿಸಿಲಲ್ಲಿ ನಿಂತು ಮೂರು ತಲೆಮಾರಿನ ಮಕ್ಕಳಿಗೆ ‘ಸಾವಧಾನ್, ವಿಶ್ರಾಮ್’ ಎಂದು ಕೂಗಿ ಕೂಗಿ ಅವರ ದನಿ ಒರಟಾಗಿತ್ತು. ಆದರೆ ಆ ಒರಟಿನೊಳಗೆ ಒಂದು ಬಿಸಿ ಇತ್ತು, ಆಗತಾನೇ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ.

ಈಗ ಅಕ್ಕೋರಿಲ್ಲ. ಮೊನ್ನೆ ಯುಗಾದಿ ಕಳೆದ ಮೇಲೆ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅತ್ತಿದ್ದೇವೆ, ಇಲ್ಲವೆನ್ನುವುದಿಲ್ಲ. ಆದರೆ ಅವರನ್ನು ನೆನೆದು ಬಹಳ ಹೊತ್ತು ಅಳುವುದು ಕಷ್ಟ. ನಡುವೆ ಯಾವುದೋ ಒಂದು ಮಾತು ನೆನಪಾಗಿ ಫಕ್ಕನೆ ನಗು ಬಂದುಬಿಡುತ್ತದೆ.

ನಾನು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನು. ಒಮ್ಮೆ ಅಕ್ಕೋರು ಹಿತ್ತಲಿಗೆಂದು ಹೀರೆಬೀಜ ಕೊಳ್ಳಲು ಬಂದಿದ್ದರು. ನಾನು ರಸ್ತೆಯ ಆಚೆ ಬದಿಯ ಚಹಾದವನನ್ನು ಕೂಗಿ ಕರೆಯುತ್ತಿದ್ದೆ. ಅವರು ಬೀಜ ಬಿಟ್ಟು ನನ್ನ ಹೊಟ್ಟೆ ನೋಡತೊಡಗಿದರು.

“ಏನೋ, ನಿನ್ನ ದನಿ ಹೊಟ್ಟಿಯಿಂದ ಬರ್ತೈತಲ್ಲೋ! ಬುಧವಾರ ಸಂಜಿಮುಂದ ಬ್ಯಾಡಗಿಗೆ ಬಾ.”

“ಯಾಕ್ರಿ ಅಕ್ಕೋರ?”

“ಹಾಡಾಕ.”

“ನನಗ ಹಾಡಾಕ ಬರಂಗಿಲ್ರಿ.”

“ಬರ್ತೈತೇನು ಅಂತ ನಾ ಎಲ್ಲಿ ಕೇಳಿದೆ? ಬಾ ಅಂದೆ.”

ಹೋದೆ. ಹೋಗದೆ ಏನು ಮಾಡಲಿ, ಹೇಳಿದವರ ಕೊರಳಲ್ಲಿ ಸೀಟಿ ಇತ್ತು. ಆ ಹೀರೆಬೀಜ ಮಾತ್ರ ಹುಟ್ಟಲಿಲ್ಲವಂತೆ. ಅದನ್ನು ಅವರು ಸಾಯುವ ತನಕ ನನಗೆ ನೆನಪಿಸಿದರು. ನಾನು ಸ್ವರ ತಪ್ಪಿದಾಗಲೆಲ್ಲ, “ನಿನ್ನ ಹೀರಿಬೀಜದಂಗ ಆತಲ್ಲೋ ಇದು, ಮ್ಯಾಲ ಏಳವಲ್ದು” ಎನ್ನುತ್ತಿದ್ದರು.

ನಮ್ಮ ಮೇಳದಲ್ಲಿ ಹಾವೇರಿಯವರಿದ್ದರು, ರಾಣೆಬೆನ್ನೂರಿನವರಿದ್ದರು. ನಡುವಿನ ಊರು ಬ್ಯಾಡಗಿಯಾದ್ದರಿಂದ ತಾಲೀಮು ಅಲ್ಲಿಯೇ, ಶಿವಪ್ಪನ ಮೆಣಸಿನಕಾಯಿ ಗೋದಾಮಿನಲ್ಲಿ. ಶಿವಪ್ಪ ವ್ಯಾಪಾರಿ. ಜಾಗ ಕೊಡುತ್ತೇನೆ, ಆದರೆ ನನ್ನನ್ನೂ ಹಾಡಿಸಬೇಕು ಎಂದು ಕರಾರು ಹಾಕಿದ್ದ. ಅಕ್ಕೋರು ಒಪ್ಪಿದರು. ಅವರು ಯಾರನ್ನೂ ಬೇಡ ಅಂದವರಲ್ಲ. ಹಾವೇರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ರಜಿಯಾ ನಮ್ಮಲ್ಲೆಲ್ಲ ಚೆನ್ನಾಗಿ ಹಾಡುವವಳು. ಅವಳನ್ನೂ, ನನ್ನಂಥ ಬೀಜದವನನ್ನೂ ಅಕ್ಕೋರು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದರು, ಎತ್ತರದ ಪ್ರಕಾರ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಎಂದು ಎಲ್ಲರೂ ಹೇಳುತ್ತಾರೆ. ಚೀಲಗಳ ನಡುವೆ ನಿಂತು ಬಾಯಿ ತೆರೆದವರಿಗೆ ಗೊತ್ತು ಅದರ ಘಾಟು. ಸುಗ್ಗಿಯ ದಿನಗಳಲ್ಲಿ ಗೋದಾಮಿನ ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು, ಒಳಗೆ ನಾವು ಹಾಡುತ್ತಿದ್ದೆವು. ಗಾಳಿಯ ತುಂಬ ಕೆಂಪು ಧೂಳು. ಒಬ್ಬರಾದ ಮೇಲೊಬ್ಬರಿಗೆ ಕೆಮ್ಮು. ಬೇರೆ ಯಾರಾದರೂ ಆಗಿದ್ದರೆ ಜಾಗ ಬದಲಿಸುತ್ತಿದ್ದರು. ಅಕ್ಕೋರು ನಮ್ಮನ್ನೇ ಬದಲಿಸಿದರು.

“ಬಾಜೂಕಿನಾಂವಗ ಕೆಮ್ಮು ಬಂತಂದ್ರ ಅಂವನ ಸಾಲು ನಿನ್ನ ಹೆಗಲ ಮ್ಯಾಲ. ಮಾರಿ ತಿರುವಿ ನೋಡಬ್ಯಾಡ. ಅಂವಗ ನಾಚಿಕಿ ಆಗ್ತೈತಿ. ನೀ ಹಾಡಕೋಂತ ನಡಿ, ಅಂವ ಬಂದು ಕೂಡ್ಕೋತಾನ.”

ಹೀಗೆ ಪಕ್ಕದವರ ಉಸಿರಿನ ಮೇಲೆ ಕಿವಿಯಿಡುವುದು ನಮಗೆ ರೂಢಿಯಾಯಿತು. ಹಾಡು ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಕೇಳಿದವರು ನಮ್ಮದು ಬಹಳ ದೊಡ್ಡ ಎದೆ ಎಂದುಕೊಳ್ಳುತ್ತಿದ್ದರು. ಒಳಗೆ ಅರ್ಧ ಜನ ಕಣ್ಣೊರೆಸಿಕೊಳ್ಳುತ್ತ ಸೀನು ತಡೆಯುತ್ತಿದ್ದೆವು ಎಂಬುದು ನಮಗಷ್ಟೇ ಗೊತ್ತು.

ಪ್ರತಿ ಕಾರ್ಯಕ್ರಮದ ಕೊನೆಗೆ ಅಕ್ಕೋರು ತಾವೇ ಕಟ್ಟಿದ ಒಂದು ಹಾಡಿತ್ತು. ಅವರ ತವರು ವರದಾ ಹೊಳೆಯ ದಂಡೆ. ಸೇತುವೆ ಇಲ್ಲದ ಕಾಲದಲ್ಲಿ ಈ ದಂಡೆಯಲ್ಲಿ ನಿಂತು ಆಚೆ ದಂಡೆಯ ಅಂಬಿಗನನ್ನು ಕೂಗಬೇಕಿತ್ತಂತೆ. ಅವನು ‘ಓ’ ಅಂದರೆ ಹರಿಗೋಲು ಬರುತ್ತದೆ ಎಂದರ್ಥ. ಓ ಬರುವ ತನಕ ಯಾರೂ ಗಂಟುಮೂಟೆ ಎತ್ತುವಂತಿಲ್ಲ, ನೀರಿಗೆ ಕಾಲಿಡುವಂತಿಲ್ಲ. ಹಾಡೂ ಅದೇ. ಅಕ್ಕೋರು ಮುಂದೆ ಬಂದು ಒಬ್ಬರೇ ಕೂಗುತ್ತಿದ್ದರು:

“ಹೊಳಿಯಾಚಿ ನಿಂತೇವಿ, ಓ ಅನ್ನಿರೇ…”

ಕೂಗಿ ನಿಲ್ಲುತ್ತಿದ್ದರು. ಕೇಳಲು ಬಂದವರು ‘ಓ’ ಎನ್ನಬೇಕು. ಅಂದರಷ್ಟೇ ನಾವು ಮುಂದಿನ ಸಾಲಿಗೆ ಹೋಗುವುದು. ಮೇಳದವರು ಯಾರೂ ತಾವೇ ಓ ಅನ್ನಕೂಡದು. “ಕರದಾಂವ ತಾನ ಓ ಅಂದ್ರ ಅಂವಗ ಏನಂತಾರ? ತೆಲಿ ಕೆಟ್ಟೈತಿ ಅಂತಾರ,” ಎನ್ನುತ್ತಿದ್ದರು. ತಾಲೀಮಿನಲ್ಲಿ ಓ ಬರಬೇಕಾದ ಕಡೆ ಅವರು ಸೀಟಿ ಊದುತ್ತಿದ್ದರು. ನಮ್ಮೂರುಗಳಲ್ಲಿ ಇದಕ್ಕೆಂದೂ ತೊಂದರೆಯಾಗಲಿಲ್ಲ. ನಮ್ಮ ಜನ ಕರೆಯದಿದ್ದರೂ ಓ ಅನ್ನುವವರು. ದೇವರಗುಡ್ಡದಲ್ಲಿ ಹಾಡಿದಾಗ ಹಾಡು ಮುಗಿದು ನಾವು ಟೆಂಪೊ ಹತ್ತಿದ ಮೇಲೂ ಹಿಂದಿನಿಂದ ಓ ಓ ಎನ್ನುತ್ತಿದ್ದರು.

ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ನೋಡಲು ಬಂದಿದ್ದ ಪರದೇಶದ ಹೆಣ್ಣುಮಗಳೊಬ್ಬಳು ಬ್ಯಾಡಗಿಯಲ್ಲಿ ನಮ್ಮ ತಾಲೀಮು ಕೇಳಿದಳು. ಕೆಮ್ಮುತ್ತಲೇ ಪೂರ್ತಿ ಕೇಳಿದಳು. ಅವಳದು ವೇಲ್ಸ್, ಇಂಗ್ಲೆಂಡಿನ ಪಕ್ಕದ ಗುಡ್ಡಗಾಡು. ಅವಳ ಊರಿನಲ್ಲಿ ವರ್ಷಕ್ಕೊಮ್ಮೆ ನಮ್ಮಂಥ ಹವ್ಯಾಸಿ ಮೇಳಗಳೆಲ್ಲ ಸೇರಿ ಹಾಡುತ್ತವಂತೆ. ಬರ್ತೀರಾ, ನಮ್ಮ ಮನೆಗಳಲ್ಲೇ ಉಳಿಯಬಹುದು ಅಂದಳು. ಶಿವಪ್ಪ ಅಲ್ಲೇ ಸ್ವೆಟರ್ ಬಗ್ಗೆ ವಿಚಾರಿಸತೊಡಗಿದ.

ಹೊರಡುವ ಗಡಿಬಿಡಿಯ ನಡುವೆ ಅಕ್ಕೋರ ದನಿ ಆಗಾಗ ಕಟ್ಟತೊಡಗಿತು. ರಜಿಯಾ ಹಟ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದಳು. ಗಂಟಲಲ್ಲಿ ಗಂಟು, ಆಪರೇಷನ್ ಆಗಬೇಕು. ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ಹಾಡುವ ದನಿ ಉಳಿಯುವುದು ಅನುಮಾನ ಅಂದರು ಡಾಕ್ಟರು. ಮುಂದಿನ ಬುಧವಾರ ಅಕ್ಕೋರು ಗೋದಾಮಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸುದ್ದಿ ಹೇಳಿದರು, ನಾಳೆ ಶಾಲೆಗೆ ರಜೆ ಎನ್ನುವಷ್ಟು ಸಲೀಸಾಗಿ.

“ಬಂದ ಮ್ಯಾಲ ಕೊಯ್ಸಕೋತೀನಿ ಅಂತ ಹೇಳೇನಿ. ಅಲ್ಲೀ ಮಟ ಮಾತಾಡಬ್ಯಾಡ ಅಂದಾರ. ಮಾತಾಡಂಗಿಲ್ಲ. ಆದ್ರ ಕಟ್ಟಕಡೀ ಹಾಡು ನಂದು. ಸಮುದ್ರದ ಆಚಿ ದಂಡಿಂದ ಒಂದ ಸಲ ಓ ಅನ್ನಿಸ್ಕೊಂಡು ಬರ್ತೀನಿ. ಆಮ್ಯಾಲ ದನಿ ಹೋದ್ರ ಹೋಗ್ಲಿ.”

ರಜಿಯಾ ಅಳು ತಡೆದು ಮೂಗು ಎಳೆದುಕೊಂಡಳು. “ಏ, ಮೆಣಸಿನಕಾಯಿ ಘಾಟು ಅಂತ ಹೇಳು,” ಅಂದರು ಅಕ್ಕೋರು. ಅವತ್ತಿನಿಂದ ಅವರು ಮೌನ.

ಹಾವೇರಿಯ ಅತ್ಯಂತ ಗಟ್ಟಿ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ಪ್ರಯಾಣದಲ್ಲಿ ನೋಡಿದೆವು. ಎಲ್ಲವೂ ಕೈಸನ್ನೆ ಮತ್ತು ಸೀಟಿ. ಇಳಿದ ವಿಮಾನ ನಿಲ್ದಾಣದಲ್ಲಿ ನಾವು ಚೆಲ್ಲಾಪಿಲ್ಲಿಯಾದೆವು. ಶಿವಪ್ಪ ಓಡುವ ಮೆಟ್ಟಿಲ ಮುಂದೆ ನಿಂತು ಯಾವ ಮೆಟ್ಟಿಲಿಗೆ ಕಾಲಿಡಲಿ ಎಂದು ಆರಿಸುತ್ತಿದ್ದ. ಅಕ್ಕೋರು ಉದ್ದಕ್ಕೆ ಒಂದು ಸೀಟಿ ಊದಿದರು. ನಾವು ಓಡಿ ಬಂದು ಸಾಲು ಕಟ್ಟಿದೆವು. ನಮ್ಮ ಜೊತೆಗೆ ಇಬ್ಬರು ಪೊಲೀಸರೂ ಓಡಿ ಬಂದರು. ಅಕ್ಕೋರು ಹಿಮ್ಮಡಿ ಕೂಡಿಸಿ ಅವರಿಗೊಂದು ಖಡಕ್ ಸೆಲ್ಯೂಟ್ ಹೊಡೆದರು. ಪಾಪ, ಅವರೂ ಕೈಯೆತ್ತಿ ಸೆಲ್ಯೂಟ್ ಹೊಡೆದೇಬಿಟ್ಟರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕು, ನಮಗೆ ಬಸ್ಸಿನ ದಾರಿ ತೋರಿಸಿದರು.

ನಮ್ಮನ್ನು ಕರೆದವಳದು ಕಲ್ಲಿದ್ದಲ ಗಣಿಗಳ ಊರು. ಗಣಿ ಮುಚ್ಚಿ ಬಹಳ ವರ್ಷವಾಗಿತ್ತು, ಗಣಿಯವರ ಮೇಳ ಮಾತ್ರ ಉಳಿದಿತ್ತು. ಅಕ್ಕೋರು, ರಜಿಯಾ ಮತ್ತು ನಾನು ಆ ಮೇಳದ ಒಬ್ಬ ಅಜ್ಜನ ಮನೆಯಲ್ಲಿ ಇಳಿದೆವು. ಟಾಮ್ ಅಂತ ಹೆಸರು. ಎತ್ತರದ ಆಳು, ಕೈಯಲ್ಲಿ ಸದಾ ಬಾಯೊರೆಸುವ ಒಂದು ದಸ್ತಿ, ಮಾತಿನ ನಡುನಡುವೆ ಕೆಮ್ಮು. ಎದೆಯೊಳಗೆ ಇನ್ನೂ ಗಣಿಯ ಧೂಳಿದೆ ಎಂದು ಅವನೇ ನಗುತ್ತ ಹೇಳಿದ. ಮನೆಯಲ್ಲಿ ತಮ್ಮದೊಂದು ಭಾಷೆ, ಹೊರಗೆ ಇಂಗ್ಲಿಷು ಅಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ರಜಿಯಾ, “ನಮ್ಮನ್ಯಾಗೂ ಹಂಗ ಐತಿ, ಒಳಗ ಉರ್ದು, ಹೊರಗ ಕನ್ನಡ. ಅವರಿಗೆ ಹೇಳ್ರಿ,” ಅಂದಳು. ಹೇಳಿದೆ. ಅಲ್ಲಿಂದ ಮುಂದೆ ಅವಳು ಆ ಮನೆಯ ಮಗಳಾದಳು.

ಎರಡು ದಿನ ಬೇಯಿಸಿದ ಬಟಾಟೆ ತಿಂದ ಮೇಲೆ ಅಕ್ಕೋರು ಸನ್ನೆಯಲ್ಲೇ ಅಡುಗೆಮನೆ ವಶಪಡಿಸಿಕೊಂಡರು. ಎಣ್ಣೆ ಕಾಯಿಸಿ ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರು ನೋಡಿ, ಛಾವಣಿಯಲ್ಲಿದ್ದ ಹೊಗೆಯ ಗಂಟೆ ಕಿರ್ರೆಂದು ಹೊಡೆದುಕೊಳ್ಳತೊಡಗಿತು. ನೆರೆಹೊರೆಯವರೆಲ್ಲ ಬೀದಿಗೆ ಬಂದರು. ಟಾಮ್ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಲು ಹೋಗಿ, ಘಾಟಿಗೆ ಕೆಮ್ಮು ಹತ್ತಿ, ನಗುವೂ ಹತ್ತಿ, ಇಳಿಯಲಾರದೆ ಕುರ್ಚಿಯ ಮೇಲೇ ಜೋಲಾಡಿದ. ಅಕ್ಕೋರು ಅವನ ಕೈ ಹಿಡಿದು ಇಳಿಸಿದರು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವನೊಂದು ಮಾತು ಹೇಳಿದ: “ನಮ್ಮ ಮೇಳದಲ್ಲಿ ಎಲ್ಲರ ಎದೆಯಲ್ಲೂ ಧೂಳಿತ್ತು. ಪಕ್ಕದವನ ಉಸಿರು ಯಾವಾಗ ಮುಗಿಯುತ್ತದೆಂದು ಅವನಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.” ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಕ್ಕೋರಿಗೆ ಅರ್ಥವಾಗಿಬಿಟ್ಟಿತ್ತು. ವೈದ್ಯರ ಅಪ್ಪಣೆ ಮುರಿದು ಪಿಸುಗುಟ್ಟಿದರು: “ಇಂವ ನಮ್ಮಾಂವ.”

ಕಾರ್ಯಕ್ರಮದ ಸಂಜೆ ಬಂತು. ಹಳೆಯ ಪ್ರಾರ್ಥನಾ ಮಂದಿರ, ಮರದ ಬೆಂಚುಗಳು ಭರ್ತಿ. ನಾವು ಹಾಡಿದೆವು. ಚೆನ್ನಾಗಿಯೇ ಹಾಡಿದೆವು. ಆದರೆ ಆ ಜನ ಕೂತ ರೀತಿ ನಮಗೆ ಹೊಸದು. ವಾಹ್ ಇಲ್ಲ, ತಲೆದೂಗುವವರಿಲ್ಲ, ನಡುವೆ ಚಪ್ಪಾಳೆಯಿಲ್ಲ, ಒಂದು ಕೂಸಿನ ಅಳುವೂ ಇಲ್ಲ. ಹಾಡು ಪೂರ್ತಿ ಮುಗಿದ ಮೇಲೆ ಅಳೆದಂತೆ ಚಪ್ಪಾಳೆ, ಮತ್ತೆ ಮೌನ.

“ಇವರಿಗೆ ಸೇರಿಲ್ಲೋ ತಮ್ಮಾ,” ಎಂದು ಶಿವಪ್ಪ ನನ್ನ ಕಿವಿಯಲ್ಲಿ ಉಸುರಿದ. “ಒಬ್ಬರರ ಕೆಮ್ಮತಾರೇನು ನೋಡು.”

ಕೊನೆಯ ಹಾಡಿಗೆ ಮೊದಲು ನಾನು ಅಕ್ಕೋರ ಬಳಿ ಹೋಗಿ, ಓ ಅನ್ನಬೇಕೆಂದು ಜನರಿಗೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಲೇ ಎಂದು ಕೇಳಿದೆ. ಅವರು ಕಣ್ಣು ಕೆಕ್ಕರಿಸಿದರು. ಅವರು ಮೌನ ಹಿಡಿಯುವ ಮೊದಲೂ ಒಮ್ಮೆ ಕೇಳಿದ್ದೆ. ಆಗಲೇ ಅಂದಿದ್ದರು: “ಹೊಳಿ ದಂಡಿ ಮ್ಯಾಲ ನಿಂತು ಯಾರರ ಭಾಷಣ ಮಾಡ್ತಾರೇನೋ? ಕೂಗಿದ್ರ ತಿಳೀತೈತಿ.” ಜಗತ್ತಿನ ಎಲ್ಲ ಕಡೆ, ಕೂಗಿದವರಿಗೆ ಜನ ಓ ಅಂದೇ ಅನ್ನುತ್ತಾರೆ ಎಂದು ಅವರು ತಿಳಿದಿದ್ದರು. ಹಾವೇರಿಯವರಷ್ಟೇ ಮಾಡಬಹುದಾದ ತಪ್ಪು ಅದು.

ಬಿಳಿ ಬೂಟಿನ ಹೆಜ್ಜೆ ಹಾಕಿ ಮುಂದೆ ಬಂದರು. ವಾರವಿಡೀ ಮಾತಾಡದೆ ಕೂಡಿಟ್ಟ ದನಿ. ಅದನ್ನೆಲ್ಲ ಒಂದೇ ಸಲ ಎತ್ತಿದರು.

“ಹೊಳಿಯಾಚಿ ನಿಂತೇವಿ, ಓ ಅನ್ನಿರೇ…”

ಎಂಥ ದನಿ ಅದು! ಮಂದಿರದ ತೊಲೆಗಳನ್ನೆಲ್ಲ ಮುಟ್ಟಿ ಬಂದು ನಿಂತಿತು. ಅಕ್ಕೋರು ಕಾದರು. ನಾವು ಕಾದೆವು. ಜನ ಕೂತೇ ಇದ್ದರು, ಭಕ್ತಿಯಿಂದ ಮಿಸುಕದೆ. ಬಹಳ ಹೊತ್ತಾದ ಮೇಲೆ ಹಿಂದಿನಿಂದ ಯಾರೋ, ಹಾಡು ಮುಗಿಯಿತೆಂದುಕೊಂಡು, ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ದೇವರೇ, ನನ್ನ ಬದುಕಿನಲ್ಲಿ ಚಪ್ಪಾಳೆಯನ್ನು ಅಷ್ಟು ದ್ವೇಷಿಸಿದ್ದಿಲ್ಲ.

ಅಕ್ಕೋರು ಮತ್ತೆ ಕೂಗಿದರು. ದನಿಯ ಅಂಚು ಹರಿದಿತ್ತು. ಮತ್ತೆ ಮೌನ, ಮತ್ತೆ ನಾಲ್ಕು ಚಪ್ಪಾಳೆ. ಹಿಂದೆ ನಿಂತ ನಮಗೆ ಅವರ ಬೆನ್ನಷ್ಟೇ ಕಾಣುತ್ತಿತ್ತು. ಆ ಬೆನ್ನು ಡ್ರಿಲ್ಲಿನವರ ಬೆನ್ನು, ಬಾಗಲಿಲ್ಲ. ಆದರೆ ಬೆವರಿನಿಂದ ಕುಪ್ಪಸ ತೊಯ್ದಿತ್ತು. ಸಾಕು ಮಾಡ್ರಿ ಅಕ್ಕೋರ, ಎಂದು ಒಳಗೊಳಗೇ ಬೇಡಿಕೊಂಡೆ. ಹೋಗಲಿ ಬಿಡ್ರಿ, ಊರಿಗೆ ಹೋಗೋಣ.

ಮೂರನೆಯ ಸಲ ಕೂಗಿದರು. ‘ಹೊಳಿಯಾಚಿ’ ಬಂತು, ‘ನಿಂತೇವಿ’ ಬಂತು. ‘ಓ’ ಎಂದು ಎತ್ತುವಾಗ ದನಿ ಸೀಳಿ, ಬರೀ ಗಾಳಿ ಬಂತು. ರಜಿಯಾ ರೂಢಿಯಂತೆ ಸಾಲು ಹೊತ್ತುಕೊಳ್ಳಲು ಬಾಯಿ ತೆರೆದಳು. ಅಕ್ಕೋರು ಬೆನ್ನ ಹಿಂದೆ ಕೈ ಚಾಚಿ, ಅಂಗೈ ತೋರಿಸಿ ತಡೆದರು. ಕರೆದವರು ತಾವೇ ಓ ಅನ್ನಕೂಡದು.

ಆಗ ಮುಂದಿನ ಬೆಂಚಿನಿಂದ ಟಾಮ್ ಎದ್ದು ನಿಂತ. ಅವನಿಗೆ ಹೊಳೆಯ ಕಥೆ ಗೊತ್ತಿರಲಿಲ್ಲ, ಓ ಅಂದರೇನೆಂದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದುದು ಒಂದೇ, ಹಾಡುವವರೊಬ್ಬರ ಉಸಿರು ಮುಗಿದಿದೆ ಎಂಬುದು. ಅಕ್ಕೋರ ದನಿ ಎಲ್ಲಿ ಬಿದ್ದಿತ್ತೋ ಅಲ್ಲಿಂದಲೇ, ಅದೇ ಸ್ವರವನ್ನು ಎತ್ತಿಕೊಂಡ.

“ಓ…”

ಅವನ ಉಸಿರು ಅರ್ಧಕ್ಕೆ ಬಂದಾಗ ಕೆಮ್ಮು ಒತ್ತಿತು. ಪಕ್ಕದಲ್ಲಿದ್ದ ಅವನ ಹಳೆಯ ಗೆಳೆಯ, ಟಾಮ್‌ನ ಕಡೆ ತಿರುಗಿಯೂ ನೋಡದೆ, ಎದ್ದು ಅದನ್ನು ಹೊತ್ತುಕೊಂಡ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಗಣಿಯ ಮುದುಕರೆಲ್ಲ ಎದ್ದರು. ಆಮೇಲೆ ಅವರ ಹೆಂಡಂದಿರು, ಮೊಮ್ಮಕ್ಕಳು, ಇಡೀ ಮಂದಿರ. ಒಂದು ಓ ಕೆಳಗೆ ಗುಡುಗುತ್ತಿತ್ತು, ಒಂದು ನಡುವೆ ಹರಡಿತ್ತು, ಒಂದು ಮೇಲೆ ಹಾರಾಡುತ್ತಿತ್ತು. ಕಾಲ ಕೆಳಗಿನ ಹಲಗೆ ನಡುಗಿತು. ಶಿವಪ್ಪ ಹೋ ಎಂದು ಅಳುತ್ತಿದ್ದ, ನನ್ನ ತೋಳನ್ನು ಹಿಡಿದು ಕುಣಿಯುತ್ತಲೂ ಇದ್ದ.

ಅಕ್ಕೋರು ನಮ್ಮ ಕಡೆ ತಿರುಗಿದರು. ಆ ಮುಖ ನಾನು ಸಾಯುವ ತನಕ ಮರೆಯುವುದಿಲ್ಲ. ಕಣ್ಣು, ಮೂಗು ಎಲ್ಲ ಸುರಿಯುತ್ತಿದೆ, ಬಾಯಿ ಕಿವಿಯ ತನಕ ನಗುತ್ತಿದೆ. ಕೈಯೆತ್ತಿ ಮುಂದಕ್ಕೆ ಬೀಸಿದರು. ನಡೀರಿ. ನಾವು ಮುಂದಿನ ಸಾಲು ಎತ್ತಿದೆವು. ಉಳಿದ ಪ್ರತಿ ಕೂಗನ್ನೂ ರಜಿಯಾ ಕೂಗಿದಳು, ಪ್ರತಿ ಸಲವೂ ಆಚೆ ದಂಡೆ ಓ ಅಂದಿತು.

ಆ ರಾತ್ರಿ ಟಾಮ್‌ನ ಮನೆಯಲ್ಲಿ ಅಕ್ಕೋರು ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: “ಲೇ, ಅವ್ರು ಓ ಅಂದದ್ದು ಕೇಳಿದಿಲ್ಲೋ! ನಮ್ಮ ಅಂಬಿಗ ಹಂಗೇನರ ಓ ಅಂದಿದ್ರ, ಹೆದರಿ ನಾವು ಹೊಳಿ ದಾಟತಿದ್ದಿಲ್ಲ.” ನಗಲು ಹೋದರು, ದನಿ ಬರಲಿಲ್ಲ. ಹೆಗಲು ಕುಣಿಸಿಯೇ ನಕ್ಕರು.

ಊರಿಗೆ ಬಂದ ಮೇಲೆ ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ, ಉಳಿದದ್ದು ಪಿಸುಮಾತಷ್ಟೇ. ಅಕ್ಕೋರು ಅದನ್ನು ದುಃಖ ಅಂತ ಒಪ್ಪಿಕೊಳ್ಳಲೇ ಇಲ್ಲ. ಬುಧವಾರ ತಪ್ಪಿಸಲಿಲ್ಲ. ಕೈಯಿಂದ, ಹುಬ್ಬಿನಿಂದ, ಸೀಟಿಯಿಂದ ಹಾಡಿಸಿದರು. ಮೊದಲು ಮೈದಾನಕ್ಕೆಲ್ಲ ಕೇಳುವಂತೆ ಬೈಯುತ್ತಿದ್ದವರು ಈಗ ಹತ್ತಿರ ಕರೆದು ಕಿವಿಯಲ್ಲಿ ಬೈಯುತ್ತಿದ್ದರು. ಅದು ಇನ್ನೂ ಜೋರಾಗಿ ತಾಗುತ್ತಿತ್ತು. ಒಮ್ಮೆ ನಾನು ಧೈರ್ಯ ಮಾಡಿ, ದನಿ ಹೋಯಿತೆಂದು ಬೇಜಾರಿಲ್ಲವೇ ಎಂದು ಕೇಳಿದೆ. ಹತ್ತಿರ ಬಾ ಎಂದು ಸನ್ನೆ ಮಾಡಿದರು. ಏನೋ ದೊಡ್ಡ ಮಾತು ಹೇಳುತ್ತಾರೆಂದು ಬಗ್ಗಿದೆ.

“ಹೀರಿಬೀಜ ಹುಟ್ಟಲಿಲ್ಲಲ್ಲೋ, ಆ ಬ್ಯಾಸರ ಒಂದ ಐತಿ,” ಅಂದರು.

ಅವರು ಹೋದ ಮೇಲಿನ ಮೊದಲ ಬುಧವಾರ ನಾವು ಗೋದಾಮಿನಲ್ಲಿ ಸೇರಿದೆವು. ಸುಗ್ಗಿಯಿನ್ನೂ ಮುಗಿದಿರಲಿಲ್ಲ. ಅಂಗಳದಲ್ಲಿ ಹೆಣ್ಣುಮಕ್ಕಳು ತೊಟ್ಟು ಮುರಿಯುತ್ತಿದ್ದರು, ಗಾಳಿಯಲ್ಲಿ ಅದೇ ಕೆಂಪು ಧೂಳು. ಅಕ್ಕೋರು ನಿಲ್ಲುತ್ತಿದ್ದ ಜಾಗ ಖಾಲಿ ಬಿಟ್ಟು ಸಾಲು ನಿಂತೆವು. ಏನು ಹಾಡಬೇಕೆಂದು ಯಾರೂ ಕೇಳಲಿಲ್ಲ. ರಜಿಯಾ ಕಣ್ಣು ಮುಚ್ಚಿ ಕೂಗಿದಳು.

“ಹೊಳಿಯಾಚಿ ನಿಂತೇವಿ, ಓ ಅನ್ನಿರೇ…”

ಕೂಗಿದ ಮೇಲೆ ನಮಗೆ ಹೊಳೆಯಿತು, ಅಕ್ಕೋರ ಸೀಟಿಯಿಲ್ಲ, ಕೇಳುವವರು ಯಾರೂ ಇಲ್ಲ. ಎಲ್ಲರೂ ನಾವೇ. ನಾವು ಅನ್ನುವಂತಿಲ್ಲ. ಶಿವಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ.

ಅಷ್ಟರಲ್ಲಿ ಅಂಗಳದಿಂದ, ಕೈಯ ಕೆಲಸ ಬಿಡದೆ, ತಲೆ ಎತ್ತದೆ, ತೊಟ್ಟು ಮುರಿಯುವ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಅಂದರು: “ಓ…”

ನಾವು ಮುಂದಿನ ಸಾಲಿಗೆ ಹೋದೆವು.